ಸಾಗವಾನಿ ನೆಲಕ್ಕೆ ಎಣ್ಣೆಸ್ನಾನ

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಬೇರೆಯವರ ಮನೆಯಲ್ಲಿ ಒಳ್ಳೆಯ ವಸ್ತು ಕಂಡರೆ ನನಗೆ ಸಂತೋಷವೇ ಆಗುತ್ತದೆ. ಆ ಸಂತೋಷಕ್ಕೆ ಎರಡು ದಿನ ಊಟ ಸೇರುವುದಿಲ್ಲ, ಅಷ್ಟೇ.

ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ಗೋಡೆಗೆ ಗೋಡೆ ಹತ್ತಿಕೊಂಡು ಲಾಲೇಸಾಬರ ಮನೆ. ಅವರದು ತಿಕೋಟಾ ಕಡೆಯ ಒಣದ್ರಾಕ್ಷಿ ವ್ಯಾಪಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಇಪ್ಪತ್ತು ವರ್ಷದಿಂದ ಅವರು ಏನು ಮಾಡಿದರೂ ನನಗಿಂತ ಒಂದು ಗೇಣು ಮುಂದೆ. ಅವರ ಹಿತ್ತಲ ಕರಿಬೇವು ನಮ್ಮದಕ್ಕಿಂತ ಘಮಘಮ, ಅವರ ಸ್ಕೂಟರ್ ಒಂದೇ ಒದೆತಕ್ಕೆ ಚಾಲೂ, ಅವರ ತಲೆಯಲ್ಲಿ ಇನ್ನೂ ಕೂದಲಿದೆ. ಇದನ್ನೆಲ್ಲ ನಾನು ಸಹಿಸಿಕೊಂಡೆ. ಆದರೆ ಕಳೆದ ಚಳಿಗಾಲದಲ್ಲಿ ಅವರು ಪಡಸಾಲೆಯ ಹಳೆಯ ಕಲ್ಲಿನ ಪರಸಿ ಕೀಳಿಸಿ ಸಾಗವಾನಿ ಹಲಗೆಯ ನೆಲ ಹಾಕಿಸಿದರು.

ಅದನ್ನು ನೋಡಿ ಬಂದ ನನ್ನ ಹೆಂಡತಿ ಕಸ್ತೂರಿ, ನಮ್ಮ ಪರಸಿಯ ಮೇಲೆ ನಿಂತು ತನ್ನ ಪಾದಗಳನ್ನೇ ಕನಿಕರದಿಂದ ನೋಡಿಕೊಂಡಳು.

“ಎಂಥಾ ನೆಲಾ ರೀ ಅದು. ಕಾಲಿಟ್ರ ಬೆಚ್ಚಗ ಅನಸತೈತಿ. ವೈನಿಗೆ ಮಣಕಾಲ ನೋವು ಅಂತ ಅಣ್ಣಾರು ಹಾಕಿಸ್ಯಾರಂತ. ಗಂಡಸರು ಅಂದ್ರ ಹಂಗಿರಬೇಕು.”

ಕಸ್ತೂರಿಗೆ ಲಾಲೇಸಾಬರು ಅಣ್ಣ, ಅವರ ಹೆಂಡತಿ ವೈನಿ. ಆ ಕೊನೆಯ ವಾಕ್ಯ ನನಗೆ ನಾಟಿತು. ಮದುವೆಯಾಗಿ ಇಷ್ಟು ವರ್ಷವಾದರೂ ಆಕೆ ನನ್ನ ಬಗ್ಗೆ ಅದನ್ನು ಒಮ್ಮೆಯೂ ಹೇಳಿರಲಿಲ್ಲ. ಆ ವಾಕ್ಯವನ್ನು ಆಕೆಯ ಬಾಯಿಂದ ನನಗಾಗಿ ಹೇಳಿಸುವುದು ಈ ಬೇಸಿಗೆ ರಜೆಯ ಏಕೈಕ ಕಾರ್ಯಕ್ರಮವೆಂದು ನಾನು ಅಂದೇ ಠರಾವು ಮಾಡಿದೆ.

ಲಾಲೇಸಾಬರ ನೆಲ ಹಾಕಿದ್ದ ಬಬಲೇಶ್ವರದ ಬಡಿಗೇರ ಮಾನಪ್ಪನನ್ನೇ ಕರೆಸಿದೆ.

“ಅವರ ಹಲಗಿ ಎಷ್ಟ ಅಗಲ ಅದಾವೊ ಮಾನಪ್ಪ?”

“ನಾಕ ಬಟ್ಟು ರೀ ಸರ.”

“ನಮಗ ಒಂದ ಗೇಣು ಇರಲಿ.”

“ಅಗಲ ಹಲಗಿ ಸೊಟ್ಟ ಆಗತಾವ್ರಿ. ನೆಲಕ್ಕ ಸಣ್ಣ ಹಲಗೀನ ಚಲೋ.”

“ಗೇಣು.”

ಮಾನಪ್ಪ ಗೇಣು ಎಂದೇ ಬರೆದುಕೊಂಡ. ಮರುದಿನ ಪರಸಿಯ ಮೇಲೆಯೇ ಕಟ್ಟಿಗೆಯ ಪಟ್ಟಿ ಜೋಡಿಸಿ, ಅದರ ಮೇಲೆ ಹಲಗೆ ಕೂಡಿಸತೊಡಗಿದ. ಗೋಡೆಯ ಹತ್ತಿರ ಬಂದಾಗ ಮತ್ತೆ ತಕರಾರು ತೆಗೆದ.

“ಗ್ವಾಡಿ ಸುತ್ತ ಒಂದ ಬಟ್ಟು ಜಾಗಾ ಬಿಡಬೇಕ್ರಿ ಸರ. ಕಟಗಿ ಉಬ್ಬತೈತಿ.”

“ಮಾನಪ್ಪ, ನಾ ವಿಜ್ಞಾನ ಕಲಸಾಂವ. ಕಟಗಿ ಉಬ್ಬೂದು ನನಗ ಹೇಳಾಕ ಬರಬ್ಯಾಡ.”

ಜಾಗ ಬಿಡುವುದು ಕಟ್ಟಿಗೆ ಉಳಿಸುವ ಉಪಾಯವೆಂದು ನಾನು ಕ್ಷಣಾರ್ಧದಲ್ಲಿ ಪತ್ತೆಹಚ್ಚಿದ್ದೆ. ಲಾಲೇಸಾಬರು ಪಾಪ, ಮೋಸ ಹೋಗಿದ್ದರು. ಆ ವಿಚಾರ ಬಂದ ದಿನ ನಾನು ಎರಡು ರೊಟ್ಟಿ ಹೆಚ್ಚು ತಿಂದೆ. ನನ್ನ ನೆಲ ನಾಲ್ಕೂ ಗೋಡೆಗೆ ಬಿಗಿಯಾಗಿ ಕೂತಿತು.

ಗುರುವಾರ ಕೆಲಸ ಮುಗಿಸಿ ಹೊರಟ ಮಾನಪ್ಪ ಬಾಗಿಲಲ್ಲಿ ನಿಂತು ಹೇಳಿದ: “ಎಂಟ ದಿನಕ್ಕ ಬಂದು ಪಾಲಿಶ್ ಹಚ್ಚತೇನ್ರಿ. ಅಲ್ಲೀತನಾ ಬರೇ ಕಸಬರಗಿ, ಒಣಾ ಅರಿವಿ. ನೀರ ಮಾತ್ರ ಮುಟ್ಟಿಸಬ್ಯಾಡ್ರಿ.”

ಎಂಟು ದಿನ ಕಾಯುವುದು ಹೇಗೆ? ಕಸ್ತೂರಿ ಆಗಲೇ ಲಾಲೇಸಾಬ ದಂಪತಿಯನ್ನು ಭಾನುವಾರದ ಊಟಕ್ಕೆ ಕರೆದಿದ್ದಳು. ಪಕ್ಕದ ಮನೆಯ ನೆಲ ಮಿರಮಿರ ಮಿಂಚುವಾಗ ನನ್ನದು ಜ್ವರ ಬಂದವರ ಮುಖದ ಹಾಗೆ ಬಿಳಿಚಿಕೊಂಡಿತ್ತು. ಅಡುಗೆಮನೆಯಲ್ಲಿ ಕಸ್ತೂರಿಯ ತವರು ಕಾಖಂಡಕಿಯಿಂದ ಬಂದ ಗಾಣದ ಕುಸುಬಿ ಎಣ್ಣೆಯ ಡಬ್ಬಿ ಕಣ್ಣಿಗೆ ಬಿತ್ತು. ನಮ್ಮ ಕಡೆ ಕುಸುಬಿ ಎಣ್ಣೆ ತಲೆಗೂ ಆಗುತ್ತದೆ, ಮೊಣಕಾಲಿಗೂ ಆಗುತ್ತದೆ, ಕಿರುಗುಟ್ಟುವ ಬಾಗಿಲಿಗೂ ಆಗುತ್ತದೆ. ನೆಲ ಏನು ಪಾಪ ಮಾಡಿದೆ? ಕಸ್ತೂರಿ ಸಂತೆಗೆ ಹೋದ ಹೊತ್ತಿನಲ್ಲಿ ಡಬ್ಬಿ ಪೂರ್ತಿ ತಿಕ್ಕಿದೆ. ನೆಲದಲ್ಲಿ ನನ್ನ ಮುಖ ಕಂಡಿತು. ಆ ಮುಖ ನಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ನಾನು ಮುಂದೆ ಹೋದೆ, ಚಪ್ಪಲಿ ಹಿಂದೆ ಉಳಿಯಿತು. ಕೆಳಗಿಟ್ಟ ಪೇಪರು ಎತ್ತಿದರೆ ಅರ್ಧ ಪುಟ ನೆಲದಲ್ಲೇ ಉಳಿಯಿತು.

“ಇದು ನೆಲಾನೋ, ಒಗ್ಗರಣಿ ಸೌಟೋ?” ಎಂದಳು ಕಸ್ತೂರಿ. ಆಮೇಲೆ ಖಾಲಿ ಡಬ್ಬಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಎಣ್ಣೆ ಹಚ್ಚಿದ ಮೇಲೆ ಮುಂದೇನು ಮಾಡಬೇಕೆಂಬುದು ನಮ್ಮ ಕಡೆಯ ಕೂಸಿಗೂ ಗೊತ್ತು. ಕಡಲೆಹಿಟ್ಟು ಹಚ್ಚಿ ತಿಕ್ಕಿ, ಬಿಸಿನೀರು ಸುರಿಯಬೇಕು. ಶನಿವಾರ ನಾನು ನೆಲವನ್ನು ಶಾಸ್ತ್ರೋಕ್ತವಾಗಿ ಮೀಯಿಸಿದೆ. ಏಳು ಬಕೆಟ್ ಬಿಸಿನೀರು. ನೀರು ಮುಟ್ಟಿಸಬೇಡಿ ಎಂಬ ಮಾನಪ್ಪನ ಮಾತು ನೆನಪಾಗಲಿಲ್ಲವೆಂದಲ್ಲ. ಅದು ತಣ್ಣೀರಿನ ಬಗ್ಗೆ ಹೇಳಿದ್ದಿರಬೇಕೆಂದು ವಿಜ್ಞಾನದ ಮಾಸ್ತರ ತೀರ್ಮಾನಿಸಿದ.

ಮಧ್ಯಾಹ್ನ ಒಂದು ಸಲ ‘ಟಕ್’ ಎಂದಿತು. ಸಂಜೆಗೆ ‘ಟಕ್ ಟಕ್’. ನೀರು ಕುಡಿದ ಹಲಗೆ ಉಬ್ಬಬೇಕು. ಉಬ್ಬಲು ಗೋಡೆಯ ಕಡೆ ನಾನು ಜಾಗ ಇಟ್ಟಿರಲಿಲ್ಲ. ಇನ್ನು ಉಳಿದದ್ದು ಮೇಲಿನ ದಿಕ್ಕು. ಒಣ ಕಟ್ಟಿಗೆ ನೀರು ಹೀರಿ ಹಿಗ್ಗುತ್ತದೆ ಎಂಬ ಪಾಠವನ್ನು ನಾನು ವರ್ಷವರ್ಷ ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ ಪಡಸಾಲೆಯ ನಡುವೆ ಒಂಟೆ ಮಲಗಿದ ಹಾಗೆ ಡುಬ್ಬ ಎದ್ದಿತ್ತು, ಮುಂಬಾಗಿಲ ಹತ್ತಿರದ ಹಲಗೆಗಳೂ ಎದ್ದು ಕೂತಿದ್ದವು.

ಹೊರಗಿನಿಂದ ಲಾಲೇಸಾಬರ ದನಿ ಬಂತು. “ಮಾಸ್ತರ, ಬಾಗಲಾ ತಗೀರಿ.”

ಎಳೆದೆ. ಬಾಗಿಲು ಹಲಗೆಗೆ ತಾಗಿ ನಾಲ್ಕೇ ಬಟ್ಟು ತೆರೆಯಿತು. ಸರಿಯಾಗಿ ಅವರ ಹಲಗೆಯಷ್ಟೇ ಅಗಲ. ಆ ಸಂದಿಯಲ್ಲಿ ಲಾಲೇಸಾಬರ ಒಂದು ಕಣ್ಣು ನನ್ನ ನೆಲವನ್ನು ಬಹಳ ಹೊತ್ತು ನೋಡಿತು.

“ಇದು ಹೊಸಾ ಡಿಸೈನ್ ಏನ್ರಿ?”

ಅವರು ಚೇಷ್ಟೆ ಮಾಡಲಿಲ್ಲ, ನಿಜವಾಗಿಯೂ ಕೇಳಿದರು. ಅದೇ ನನಗೆ ಹೆಚ್ಚು ಉರಿಯಿತು.

ಗಂಡ ಹೆಂಡತಿ ಇಬ್ಬರೂ ಮನೆಯ ಹಿಂದಿನ ಕಿರುಓಣಿಯಿಂದ, ನಮ್ಮ ಬಚ್ಚಲು ದಾಟಿ ಒಳಗೆ ಬಂದರು. ನಡೆದದ್ದನ್ನು ಕಸ್ತೂರಿ ಎರಡೇ ಮಾತಿನಲ್ಲಿ ಹೇಳಿದಳು. ಲಾಲೇಸಾಬರು ತೋಳು ಮಡಚಿದರು. ಹಲಗೆ ಎಬ್ಬಿಸಲು ಹಾರೆ ಬೇಕಾಯಿತು. ನಮ್ಮಲ್ಲಿ ಇರಲಿಲ್ಲ. ಅವರಲ್ಲಿತ್ತು. ಇರಲೇಬೇಕಲ್ಲ.

ಊಟದ ಹೊತ್ತಿಗೆ ಇಬ್ಬರೂ ಬೆವತು ಪಡಸಾಲೆಯ ನಡುವಿನ ಹಲಗೆ, ಪಟ್ಟಿ ಎಲ್ಲ ಕಿತ್ತು ಮೂಲೆಗೆ ಒಟ್ಟಿದೆವು. ಕೆಳಗೆ ನಮ್ಮ ಹಳೆಯ ಪರಸಿ. ಸಂದಿಯಿಂದ ಇಳಿದ ಕುಸುಬಿ ಎಣ್ಣೆ, ಕಡಲೆಹಿಟ್ಟು, ಬಿಸಿನೀರು ಎಲ್ಲ ಅದಕ್ಕೆ ಸಂದಿದ್ದವು. ಕಲ್ಲು ಕರ್ರಗೆ ಮಿಂಚುತ್ತಿತ್ತು. ಲಾಲೇಸಾಬರು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು, ಅಂಗೈ ಊರಿದರು, ಕಣ್ಣು ಮುಚ್ಚಿದರು. ಕಸ್ತೂರಿ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದಳು.

“ಏನ್ ತಂಪೈತ್ರಿ ಮಾಸ್ತರ. ಈ ಬ್ಯಾಸಿಗ್ಯಾಗ ನಮ್ಮ ಹಲಗಿ ಮ್ಯಾಲ ಬೆನ್ನ ಹಚ್ಚಾಕ ಆಗವಲ್ದು. ಇಂಥಾ ಪರಸಿ ಕಿತ್ತ ಒಗದ್ನಲ್ಲಾ ನಾ. ಖರೇ ಹೇಳತೇನಿ, ನಿಮ್ಮ ನೆಲಾ ನೋಡಿ ನನಗ ಹೊಟ್ಟಿಕಿಚ್ಚ ಆಗಾಕತ್ತೈತಿ.”

ಇಪ್ಪತ್ತು ವರ್ಷ ನಾನು ಯಾರಿಗೂ ಕಾಣದಂತೆ ಬಚ್ಚಿಟ್ಟ ಮಾತನ್ನು ಅವರು ಬಾಯಿತುಂಬ ರೊಟ್ಟಿ ಇಟ್ಟುಕೊಂಡು, ಹೆಂಡತಿಯ ಎದುರೇ ನಗುತ್ತ ಹೇಳಿಬಿಟ್ಟರು. ಆದರೂ ಗೆದ್ದವನು ನಾನೇ ಅಲ್ಲವೇ? ಲಾಲೇಸಾಬರಿಗೆ ನನ್ನನ್ನು ಕಂಡು ಹೊಟ್ಟೆಕಿಚ್ಚು! ಹೆಗಲ ಟವೆಲ್ಲು ಸರಿಮಾಡಿಕೊಂಡು ಕಸ್ತೂರಿಯ ಕಡೆ ತಿರುಗಿದೆ. ಆ ವಾಕ್ಯ ಇನ್ನೇನು ಬರಬೇಕು.

ಬಂತು. ಲಾಲೇಸಾಬರ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ ಆಕೆ ನನಗೆ ಹೇಳಿದಳು:

“ಹೊಟ್ಟಿಕಿಚ್ಚ ಆದ್ರೂ ಹೆಂಗ ನಕ್ಕೋತ ಹೇಳತಾರ ನೋಡ್ರಿ. ಗಂಡಸರು ಅಂದ್ರ ಹಂಗಿರಬೇಕು.”

ಹೊಟ್ಟೆಕಿಚ್ಚು ಒಂದಾದರೂ ನನ್ನ ಸ್ವಂತ ವಿದ್ಯೆ ಎಂದುಕೊಂಡಿದ್ದೆ. ಅದರಲ್ಲೂ ಲಾಲೇಸಾಬರು ನನಗಿಂತ ಒಂದು ಗೇಣು ಮುಂದೆ.