೨೧೪ನೇ ವಸ್ತುವಾದ ನಮ್ಮ ಅಮ್ಮ

ಹಳೇ ಬಂಗಲೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಹಗ್ಗಗಳಿಗೂ, ‘ಮುಟ್ಟಬೇಡಿ’ ಎಂಬ ತಮ್ಮ ನಲವತ್ತೊಂದು ಫಲಕಗಳಿಗೂ ನಮ್ಮ ಇಡೀ ಕುಟುಂಬದ ಸಾಷ್ಟಾಂಗ ನಮಸ್ಕಾರಗಳು. ಕಳೆದ ಭಾನುವಾರ ನಮ್ಮ ಅಮ್ಮನ ಎಂಬತ್ತನೇ ಹುಟ್ಟುಹಬ್ಬಕ್ಕೆ ಬಂಗಲೆಯನ್ನು ಅರ್ಧ ದಿನ ಬಾಡಿಗೆಗೆ ಕೊಟ್ಟ ತಮ್ಮ ಔದಾರ್ಯವನ್ನು ಹೊಗಳಲು ಕುಳಿತಿದ್ದೇನೆ. ‘ಕುಳಿತಿದ್ದೇನೆ’ ಎಂಬುದನ್ನು ಗಮನಿಸಬೇಕು, ಏಕೆಂದರೆ ತಮ್ಮಲ್ಲಿ ಆ ಭಾಗ್ಯ ಅರವತ್ತು ನೆಂಟರಲ್ಲಿ ಒಬ್ಬರಿಗೂ ಸಿಗಲಿಲ್ಲ. ಇದ್ದ ಹನ್ನೆರಡು ಕುರ್ಚಿಗೂ ಹಗ್ಗ ಬಿಗಿದಿತ್ತು, ಹೊರಗಿನಿಂದ ತಂದರೆ ಐತಿಹಾಸಿಕ ವಾತಾವರಣ ಕೆಡುತ್ತದೆಂದಿರಿ. ಕೇಕಿನ ಮೇಲಿನ ಮೇಣದಬತ್ತಿಯನ್ನು ಹಚ್ಚದೆ ಆರಿಸಲು ಮಾತ್ರ ದೊಡ್ಡ ಮನಸ್ಸು ಮಾಡಿ ಅನುಮತಿ ಕೊಟ್ಟಿರಿ. ಅಮ್ಮ ಒಂದೇ ಉಸಿರಿಗೆ ಆರಿಸಿದರು.

ಬಂಗಲೆಯ ಯಜಮಾನರು ಬದುಕಿದ್ದಾಗ ಅಮ್ಮ ಅಲ್ಲಿ ಮನೆಗೆಲಸಕ್ಕಿದ್ದವರು. ಯಜಮಾನರ ದೊಡ್ಡ ಕುರ್ಚಿಯನ್ನು ಇಪ್ಪತ್ತಾರು ವರ್ಷ ಒರೆಸಿದ ಜೀವಕ್ಕೆ ಒಮ್ಮೆ ಅದರಲ್ಲಿ ಕೂರುವ ಆಸೆ. ಐದೇ ನಿಮಿಷ ಕೊಡಿ ಎಂದು ಮೂರು ಅರ್ಜಿ ಬರೆದೆ. ಕುರ್ಚಿಯ ಆರೋಗ್ಯದ ದೃಷ್ಟಿಯಿಂದ ಆಗದು ಎಂಬ ಉತ್ತರ ಬಂತು. ಅಮ್ಮನ ಮಂಡಿಗಳ ಆರೋಗ್ಯದ ಬಗ್ಗೆ ಅದರಲ್ಲಿ ಚಕಾರವಿರಲಿಲ್ಲ.

ಸಮಾರಂಭ ಮುಗಿದೊಡನೆ ಬಂಗಲೆಯ ವಸ್ತುಗಳನ್ನೆಲ್ಲ ಪಟ್ಟಿ ಹಿಡಿದು ಎಣಿಸುವುದು ತಮ್ಮ ಪದ್ಧತಿಯಷ್ಟೆ. ನಾವು ಪಾತ್ರೆಗಳನ್ನು ವ್ಯಾನಿಗೇರಿಸುತ್ತಿದ್ದಾಗ ಅಮ್ಮ ಹಗ್ಗದಡಿ ನುಸುಳಿ, ಆ ಕುರ್ಚಿಯಲ್ಲಿ ಕೂತು, ಹಾಯಾಗಿ ನಿದ್ದೆಹೋಗಿದ್ದರು. ಪಟ್ಟಿಯಿಂದ ಕಣ್ಣೆತ್ತದ ತಮ್ಮ ಗುಮಾಸ್ತರು, ಪಕ್ಕದಲ್ಲಿದ್ದ ಯಜಮಾನರ ಮೇಣದ ಗೊಂಬೆಯ ಜೊತೆ ಇನ್ನೊಂದು ಗೊಂಬೆ ಹೆಚ್ಚಿಗೆ ಬಂದಿದೆಯೆಂದು ಬರೆದುಕೊಂಡು, ಅಮ್ಮನ ತೋಳಿಗೆ ‘೨೧೪’ ಎಂಬ ಚೀಟಿ ಅಂಟಿಸಿ, ಬೀಗ ಜಡಿದರು. ಅಮ್ಮ ವ್ಯಾನಿನಲ್ಲಿಲ್ಲದ್ದು ಕಂಡು ನಾವು ಓಡಿಬಂದು ಬಾಗಿಲು ಬಡಿದರೆ, “ಪಟ್ಟಿಗೆ ಸೇರಿದ್ದನ್ನ ಸಾಹೇಬ್ರ ಸಹಿ ಇಲ್ದೆ ಹೊರಗೆ ಬಿಡೋಕಾಗಲ್ಲ ಸಾರ್” ಎಂದರು. ತಮ್ಮ ಸಹಿ ಬರಲು ಒಂದು ಗಂಟೆ ಹಿಡಿಯಿತು. ನಾನು ಬೇಡಿದ್ದು ಐದು ನಿಮಿಷ, ತಾವು ದಯಪಾಲಿಸಿದ್ದು ಒಂದು ಗಂಟೆ!

ಆದುದರಿಂದ ಅಮ್ಮನನ್ನು ಪಟ್ಟಿಯಿಂದ ತೆಗೆಯಬಾರದಾಗಿ ವಿನಂತಿ. ‘ಯಜಮಾನರು ಕೂತ ಕುರ್ಚಿ’ ಎಂಬ ಫಲಕದ ಕೆಳಗೆ, ಅದನ್ನು ಇಪ್ಪತ್ತಾರು ವರ್ಷ ಒರೆಸಿದವರ ಹೆಸರನ್ನೂ ಒಂದು ಸಾಲು ಬರೆಸಬೇಕು. ಬೇಕಾದರೆ ಪ್ರತಿ ಭಾನುವಾರ ಅಮ್ಮ ಖುದ್ದಾಗಿ ಬಂದು ಪ್ರದರ್ಶನಕ್ಕೆ ಕೂರುತ್ತಾರೆ. ಒಂದು ದಿಂಬು, ಎರಡು ಸಲ ಟೀ ಸಾಕು.

ತಮ್ಮ ವಿಶ್ವಾಸಿ,
೨೧೪ನೇ ವಸ್ತುವಿನ ಕಿರಿಮಗ

ವಿ.ಸೂ.: ಕುರ್ಚಿಯ ತೋಳಿನ ಮೇಲಿನ ತಗ್ಗು ಯಜಮಾನರು ಸಿಟ್ಟಿನಲ್ಲಿ ಗುದ್ದಿದ ಗುರುತೆಂದು ತಮ್ಮ ಗೈಡು ಎಲ್ಲರಿಗೂ ಹೇಳುತ್ತಾರೆ. “ಅಯ್ಯೋ, ನನ್ ಕೈಯಿಂದ ಇಸ್ತ್ರಿಪೆಟ್ಟಿಗೆ ಬಿದ್ದಿದ್ದು ಕಣೋ ಅದು! ಯಾರಿಗೂ ಕಾಣದಿರ್ಲಿ ಅಂತ ಅದರ ಮೇಲೆ ನೆಲ ಒರೆಸೋ ಬಟ್ಟೆ ಹೊದಿಸಿಟ್ಟಿದ್ದೆ” ಎನ್ನುತ್ತಾರೆ ಅಮ್ಮ. ಆ ಬಟ್ಟೆಯನ್ನು ‘ಯಜಮಾನರ ಶಾಲು’ ಎಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ದಕ್ಕೆ ಅವರು ತಮಗೆ ಸದಾ ಋಣಿ.