ರಿಜೆಕ್ಟಾದ ಬಂದೂಕು

ಬಂದೂಕು ಹಿಡಿದು ಎದುರಿಗೆ ನಿಂತರೂ ಪಾರಿವಾಳಗಳು ತಲೆಯೆತ್ತಿ ನೋಡದಂಥ ಮನುಷ್ಯ ಇಡೀ ನಾಗಪುರದಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಕಾಕಾ! ಪಾರಿವಾಳಗಳದೇನೂ ತಪ್ಪಿಲ್ಲ. ಕಾಕಾನ ಹಳೇ ಪಂಪ್ ಏರ್‌ಗನ್ ವರ್ಷದ ಬಹುಪಾಲು ಊಟದ ಟೇಬಲ್ಲಿನ ಮೇಲೆ ತುಂಡುತುಂಡಾಗಿ ಮಲಗಿರುತ್ತದೆ.

ಕಾಕಾ ಮದ್ದುಗುಂಡಿನ ಸರಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ನೌಕರಿ ಬಿಟ್ಟಿತು, ಚಟ ಬಿಡಲಿಲ್ಲ. ಕಂಡದ್ದನ್ನೆಲ್ಲ ಅಳೆದು ಪಾಸು ಇಲ್ಲವೇ ರಿಜೆಕ್ಟ್ ಮಾಡುತ್ತಾರೆ. ಒಮ್ಮೆ ಬೀಗರು ತಂದ ಕಿತ್ತಳೆ ಹಣ್ಣುಗಳನ್ನು ಅವರೆದುರಿಗೇ ಎರಡು ಗುಂಪು ಮಾಡಿ, "ಇವು ರಿಜೆಕ್ಟ್ ರೀ, ವಾಪಸ್ ಒಯ್ರಿ" ಅಂದರು. ಬೀಗರು ಒಯ್ದರು. ಪಾಸಾದವನ್ನೂ ಒಯ್ದರು!

ಆದರೆ ಒಂದು ಕಟ್ಟುನಿಟ್ಟು. ತಾನು ಮಾಡಿದ ಕೆಲಸವನ್ನು ತಾನೇ ಪಾಸು ಮಾಡಬಾರದು, ಅದು ಕಾರ್ಖಾನೆಯ ಕಾನೂನು. ಮನೆಯಲ್ಲಿರುವ ಇನ್ನೊಬ್ಬರೆಂದರೆ ಅವರ ಹೆಂಡತಿ, ನನ್ನ ಕಾಕು. ಹೀಗಾಗಿ ಏರ್‌ಗನ್ನಿಗೆ ಕಾಕುವೇ ಇನ್‌ಸ್ಪೆಕ್ಟರ್.

ಕಾಕು ಸಾಮಾನ್ಯರೇ? ಗಣಪತಿ ಹಬ್ಬದಲ್ಲಿ ಕಾಸಿಗೆ ಬಂದೂಕು ಕೊಟ್ಟು ಬಲೂನು ಹೊಡೆಸುವವನು ಅವರನ್ನು ದೂರದಿಂದ ಕಂಡರೇ ಬಲೂನು ಬಿಚ್ಚಿಡುತ್ತಿದ್ದ! ಹೋದ ವರ್ಷ ಲಕ್ವಾ ಹೊಡೆಯಿತು. ನಡಿಗೆ ಮರಳಿತು, ಬೈಗುಳವಂತೂ ಪೂರ್ತಿ ಮರಳಿತು. ಬಲಗೈ ಮಾತ್ರ ಮರಳಲಿಲ್ಲ. ಕೆಲಸ ಕೊಡದಿದ್ದರೆ ಅದು ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹಿಚುಕಲು ರಬ್ಬರ್ ಚೆಂಡು ಕೊಟ್ಟರು. ಕಾಕು ಅದನ್ನು ಎಡಗೈಯಿಂದ ಬಾಲ್ಕನಿಯಾಚೆ ಎಸೆದು, "ನಾ ಏನ್ ಸಣ್ಣ ಕೂಸೇನ?" ಅಂದರು. ನಮಗೆಲ್ಲ ಚಿಂತೆ ಹತ್ತಿತು.

ಮನೆಯಲ್ಲಿ ಇಂಥ ಸಂಕಟವಿರುವಾಗ ಕಾಕಾ ಏನು ಮಾಡಿದರು ಅಂತೀರಿ? ಏರ್‌ಗನ್ ಬಿಚ್ಚಿಕೊಂಡು ಕೂತರು! ಒಳಗಿನ ಚರ್ಮದ ವಾಷರ್ ಒಣಗಿ ಗಾಳಿ ಸೋರುತ್ತಿತ್ತಂತೆ. ಚಪ್ಪಲಿಯ ಚರ್ಮ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಹೊಸದು ಕೂಡಿಸಿದರು. ಚಪ್ಪಲಿ ಯಾರದ್ದು? ವಾರಕ್ಕೊಮ್ಮೆ ಅವರನ್ನು ನೋಡಲು ಬರುವ ನಾನು ಆ ಭಾನುವಾರ ಸಿವಿಲ್ ಲೈನ್ಸಿನ ನನ್ನ ಮನೆಗೆ ಬರಿಗಾಲಲ್ಲಿ ಆಟೋ ಹತ್ತಿದೆ.

ಮರುವಾರ ಬಂದೂಕು ತಪಾಸಣೆಗೆ ಬಂತು. ಕಾಕು ಪಂಪಿನ ಹಿಡಿಕೆಗೆ ಎಡಗೈ ಹಚ್ಚಿದರು.

"ಎಡಗೈ ನಡ್ಯಾಂಗಿಲ್ಲ. ತಪಾಸ್ ಬಲಗೈಲೇ ಆಗಬೇಕು, ರೂಲ್ ಐತಿ" ಅಂದರು ಕಾಕಾ.

ಕಾಕು ಸೊರಗಿದ ಬೆರಳುಗಳನ್ನು ಹಿಡಿಕೆಯ ಮೇಲಿಟ್ಟರು. ಅದು ಮಿಸುಕಲಿಲ್ಲ. "ಬಿಗಿ ಐತ್ರಿ. ರಿಜೆಕ್ಟ್!"

ಕಾಕಾ ಬಂದೂಕು ಒಯ್ದರು. ಹಿಡಿಕೆಗೆ ಕೊಡೆಯ ದಾಂಡು ಕಟ್ಟಿ ಉದ್ದ ಮಾಡಿದರು. ರಿಜೆಕ್ಟ್. ಅರಿವೆ ಸುತ್ತಿದರು. "ಜಾರತೈತಿ, ರಿಜೆಕ್ಟ್!" ತಿರುಪು ಸಡಿಲಿಸಿ ಪಂಪನ್ನು ದಿನಕ್ಕಿಷ್ಟು ಹಗುರ ಮಾಡಿದರು. ರಿಜೆಕ್ಟ್. ಜೀವಮಾನವಿಡೀ ತಾವು ಬಡಿದ ಜೋಳದ ಭಕ್ರಿಗಳನ್ನು ರಿಜೆಕ್ಟ್ ಮಾಡಿಸಿಕೊಂಡ ಹೆಂಗಸಿಗೆ ಈ ಅಧಿಕಾರ ಎಷ್ಟು ರುಚಿಸಿರಬೇಡ! ಬರಬರುತ್ತ ಬೆಳಗಿನ ಚಹಾ ಮುಗಿಯುವುದರೊಳಗೇ ಕಾಕು ಕೂಗುತ್ತಿದ್ದರು: "ಜಲ್ದಿ ತರ್ರೀ, ರಿಜೆಕ್ಟ್ ಮಾಡೂದೈತಿ!"

ನನಗೆ ತಡೆಯಲಾಗಲಿಲ್ಲ. "ಕಾಕಾ, ಪಂಪಿನ ಜೋರೆಲ್ಲಾ ತಗದಬಿಟ್ರಲ್ರೀ. ಗುಂಡು ಮನಿ ಮ್ಯಾಲಿನ ಗಚ್ಚೀನೂ ದಾಟಂಗಿಲ್ಲ!"

"ದಾಟಿ ಎಲ್ಲಿಗೆ ಹೋಗಬೇಕಾಗೇತಿ ಅದು? ಊರಾಚಿನ ಕೋರಾಡಿಗೇನ?"

ಕಳೆದ ಭಾನುವಾರ ಗಚ್ಚಿಯ ಗೋಡೆಯ ಮೇಲೆ ತುಪ್ಪದ ಡಬ್ಬಿ ಇಟ್ಟಿದ್ದರು. ಪಕ್ಕದಲ್ಲೇ ಒಂದು ಪಾರಿವಾಳ, ನಿಶ್ಚಿಂತವಾಗಿ. ಕಾಕಾ ಬಂದೂಕು ಹಿಡಿದುಕೊಂಡರು. ಕಾಕುವಿನ ಬೆರಳುಗಳು ಹಿಡಿಕೆಯ ಸುತ್ತ ನಿಧಾನವಾಗಿ ಮಡಚಿಕೊಂಡವು. ಹಿಡಿಕೆ ಕೆಳಗಿಳಿಯಿತು, ಮತ್ತೆ ಮೇಲೆ ಬಂದು ಕಟ್ಟೆಂದು ಕೂತಿತು. ಕಾಕು ಗುರಿಯಿಟ್ಟು ಬಂದೂಕಿನ ಕುದುರೆ ಎಳೆದರು. ಗುಂಡು ಡಬ್ಬಿಗೆ ತಾಗಿ ಟಿಕ್ ಎಂದು ಅಲ್ಲೇ ಬಿತ್ತು. ಡಬ್ಬಿ ಅಲುಗಲಿಲ್ಲ. ಪಾರಿವಾಳ ಹಾರಲಿಲ್ಲ.

"ಪಾಸ್!" ಅಂದರು ಕಾಕು.

ಇನ್‌ಸ್ಪೆಕ್ಟರರ ತೀರ್ಪಿಗೆ ಎಂದೂ ಎದುರಾಡದ ಕಾಕಾ ತಲೆ ಅಲ್ಲಾಡಿಸಿ, ಸ್ಕ್ರೂಡ್ರೈವರ್ ತೆಗೆದು ಒಂದು ತಿರುಪು ಬಿಗಿಮಾಡತೊಡಗಿದರು. "ಭಾಳ ಹಗುರಾಗೇತಿ. ರಿಜೆಕ್ಟ್."

"ನಾ ಪಾಸ್ ಮಾಡೇನಲ್ರೀ?"

"ಪಾಸಾದ್ರ ನಾಳೆ ನೀ ಇದಕ ಕೈ ಹಚ್ಚಂಗಿಲ್ಲ." ಕಾಕಾನ ದನಿ ಒಡೆದಿತ್ತು.

ಕಾಕು ಕೈ ಚಾಚಿ ಗಂಡನ ಮುಂಗೈ ಹಿಡಿದರು. ಬಲಗೈಯಿಂದ.