ಈಗೇ ಕುಡ್ದು ಬಂದೀವ್ರಿ

ಮನೆತನದಲ್ಲಿ ಮೊದಲು ಪದವಿ ಪಡೆದವರ ಕಷ್ಟ ಪದವಿ ಕೈಗೆ ಬಂದ ಮೇಲೆ ಶುರುವಾಗುತ್ತದೆ. "ಏನ್ ಮಾಡಾಕತ್ತೀದಿ ಈಗ?" ಎಂದು ಊರು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಡಬೇಕು. ಟೀಚರು, ನರ್ಸು, ತಲಾಟಿ ಅನ್ನುವ ಹಾಗೆ. ನನ್ನ ಕೆಲಸಕ್ಕೆ ಅಂಥ ಹೆಸರಿಲ್ಲ. ದೂರದ ವಿಶ್ವವಿದ್ಯಾಲಯಗಳು ಸಂಶೋಧನೆಗೆಂದು ನಮ್ಮ ಕಡೆ ಬಂದಾಗ ಅವರ ಪರವಾಗಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರುವವಳು ನಾನು. ಹುಮನಾಬಾದದಲ್ಲಿ ಒಂದು ಕೋಣೆ ಹಿಡಿದುಕೊಂಡು ಬಸವಕಲ್ಯಾಣ, ಚಿಟಗುಪ್ಪದ ಹಳ್ಳಿಗಳನ್ನೆಲ್ಲ ತಿರುಗುತ್ತೇನೆ. ಒಂದು ವರ್ಷ ಹೆಣ್ಣುಮಕ್ಕಳ ರಕ್ತ, ಮರುವರ್ಷ ಒಲೆಯ ಹೊಗೆ, ಅದರಾಚೆ ವರ್ಷ ಜಾತಿ. ಆರೋಗ್ಯ, ಸುಸ್ಥಿರ ಅಭಿವೃದ್ಧಿ, ಸಮಾಜ, ಮೂರರಲ್ಲೂ ಅನುಭವವಿದೆ ಎಂದು ಎದೆ ಮೇಲೆ ಕೈಯಿಟ್ಟು ಹೇಳಬಲ್ಲೆ. ಮೂರರಲ್ಲೂ ನನಗೆ ಗೊತ್ತಿರುವುದು ಪ್ರಶ್ನೆಗಳಷ್ಟೇ ಎಂಬುದನ್ನು ಮಾತ್ರ ಸ್ವಲ್ಪ ಮೆಲ್ಲಗೆ ಹೇಳುತ್ತೇನೆ. ಉತ್ತರ ಒಯ್ದವರು ಹೊಳ್ಳಿ ಬಂದು ಏನು ತಿಳಿಯಿತು ಎಂದು ಹೇಳಿದ್ದನ್ನು ನಾನು ಇನ್ನೂ ನೋಡಿಲ್ಲ. ಮೋರಖಂಡಿಯಲ್ಲಿರುವ ನನ್ನ ಅವ್ವನಿಗೆ ಈ ತೊಡಕೇನೂ ಇಲ್ಲ. ಕಳೆ ತೆಗೆಯುವ ಗೆಳತಿಯರ ಮುಂದೆ ಆಕೆ ಹೇಳುವುದು ಇಷ್ಟೇ: "ನನ್ನ ಮಗಳದು ಕೇಳೋ ನೌಕರಿ. ಹೇಳೋರು ಊರ ತುಂಬ ಅದಾರ, ಕೇಳೋರು ಎಲ್ಲಿ ಸಿಗ್ತಾರ?"

ಆ ಕೇಳುವ ನೌಕರಿಗೆ ಒಂದು ನಿಯಮವಿದೆ. ಪ್ರಶ್ನೆ ಕೇಳಲು ಹೋದ ಮನೆಯಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು. ನಿಯಮ ಮಾಡಿದವರು ಕೆಟ್ಟವರಲ್ಲ. ಬಡವರ ಮನೆಗೆ ನಮ್ಮಿಂದ ಭಾರವಾಗಬಾರದು, ಚಹಾ ಕೊಟ್ಟವರು ನಮ್ಮ ಮುಖ ನೋಡಿ ಉತ್ತರ ಹೇಳಬಾರದು ಎಂಬ ಕಾಳಜಿ ಅವರದು. ಒಪ್ಪುವಂಥದ್ದೇ. ಆದರೆ ನನ್ನ ಹೆಸರು ಸುಜಾತಾ. ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರೆಂದು ಅಪ್ಪ ಬದುಕಿದ್ದಾಗ ಹುಡುಕಿ ಇಟ್ಟದ್ದು. ತರಬೇತಿಯಲ್ಲಿ ಕೂತಾಗ ನನಗೊಂದು ವಿಚಾರ ಬಂತು. ಬುದ್ಧನೂ ಮನೆ ಬಿಟ್ಟು ಹೊರಟದ್ದು ಒಂದು ಸಂಶೋಧನೆಗೇ ಅಲ್ಲವೇ? ದುಃಖಕ್ಕೆ ಕಾರಣವೇನು ಎಂಬುದಕ್ಕಿಂತ ದೊಡ್ಡ ವಿಷಯ ಯಾವ ವಿಶ್ವವಿದ್ಯಾಲಯದಲ್ಲಿದೆ? ಸುಜಾತಾ ಕೊಟ್ಟ ಪಾಯಸವನ್ನು ಆತ ಕುಡಿದ, ಆಮೇಲೆಯೇ ಫಲಿತಾಂಶ ಬಂದದ್ದು. ಇದನ್ನು ಎದ್ದು ನಿಂತು ಹೇಳೋಣವೆನ್ನಿಸಿತು. ನೌಕರಿ ಹೊಸದಿತ್ತು, ಸುಮ್ಮನಾದೆ.

ಅದೇ ತರಬೇತಿಯಲ್ಲಿ ಹಿರಿಯರೊಬ್ಬರು ಕೇಳಿದರು, "ಬೇಡ ಅನ್ನುವಾಗ ಮನಸ್ಸಿಗೆ ನೋವಾಗಬಾರದು. ನಿಮ್ಮ ಕಡೆ ನಯವಾಗಿ ಹೇಗೆ ಹೇಳ್ತಾರೆ?" ಇಡೀ ಕೋಣೆ ಒಂದೇ ದನಿಯಲ್ಲಿ ಹೇಳಿತು: "ಈಗೇ ಕುಡ್ದು ಬಂದೀವ್ರಿ!" ಹಿರಿಯರಿಗೆ ಬಹಳ ಇಷ್ಟವಾಯಿತು. ಎಲ್ಲರೂ ಅದನ್ನೇ ಹೇಳಿ ಎಂದರು. ಆ ಮಾತು ನಮಗೆಲ್ಲ ಅಷ್ಟು ಬಾಯಿಪಾಠ ಯಾಕಾಗಿದೆ ಎಂದು ಅವರು ಕೇಳಲಿಲ್ಲ.

ಅವ್ವನ ಕತೆ ಹೇಳಿದರೆ ನಿಮಗದು ತಿಳಿಯುತ್ತದೆ. ಆಕೆ ಜೀವನವೆಲ್ಲ ಇನ್ನೊಬ್ಬರ ಹೊಲದಲ್ಲಿ ಬಗ್ಗಿದವಳು. ಕೂಲಿಗೆ ಕರೆಯಲು ಹೊಲದೊಡತಿ ನಮ್ಮ ಓಣಿಗೆ ಬರುತ್ತಿದ್ದಳು, ಬೇವಿನ ಮರದ ನೆರಳಲ್ಲಿ ನಿಲ್ಲುತ್ತಿದ್ದಳು. "ಬರ್ರಿ ಅಕ್ಕಾರ, ಜರಾ ಚಹಾ ಕುಡೀರಿ" ಎಂದು ಅವ್ವ ಪ್ರತಿ ಸಲವೂ ಕರೆಯುತ್ತಿದ್ದಳು. ನಿಮ್ಮ ಮನೆಯ ಚಹಾ ಒಲ್ಲೆ ಎಂದು ಆ ಹೆಣ್ಣುಮಗಳು ಒಂದು ದಿನವೂ ಅನ್ನಲಿಲ್ಲ. ಇವತ್ತು ನೇಮ, ಉಪವಾಸ. ಇವತ್ತು ಪಿತ್ತ. ಉಳಿದ ದಿನಗಳಲ್ಲಿ, "ಈಗೇ ಕುಡ್ದು ಬಂದೀನವಾ." ನಾನು ಚಿಕ್ಕವಳಿದ್ದಾಗ, ಈ ಅಕ್ಕ ಇಷ್ಟೊಂದು ಚಹಾ ಕುಡಿದು ಹೇಗೆ ಬದುಕಿದ್ದಾಳೆ ಎಂದು ನಿಜವಾಗಿ ಚಿಂತೆ ಮಾಡಿದ್ದೇನೆ.

ಹಾಗಾಗಿ ಮಗಳು ಓದಿ, ಮಗಳ ಜೊತೆಯವರು ಹೆಗಲಿಗೆ ಚೀಲ ಹಾಕಿಕೊಂಡು ನಮ್ಮ ಓಣಿಗೆ ಬರುವ ಕಾಲ ಬಂದಾಗ ಅವ್ವನಿಗೆ ಹಿಗ್ಗೋ ಹಿಗ್ಗು. ಓದಿದವರಿಗೆ ಆ ರೋಗ ಇರುವುದಿಲ್ಲ ಎಂದು ಆಕೆ ನಂಬಿದ್ದಳು. ಅದಕ್ಕೇ ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡು ನನ್ನನ್ನು ಬಸವಕಲ್ಯಾಣದ ಕಾಲೇಜಿಗೆ ಕಳಿಸಿದ್ದು. ನನ್ನ ಮೊದಲ ಪಗಾರದಲ್ಲಿ ಏನು ಬೇಕವ್ವ ಎಂದರೆ ಸೀರೆ ಕೇಳಲಿಲ್ಲ. ನೀಲಿ ಹೂವಿನ ಕಪ್ಪು-ಬಸಿ ಕೇಳಿದಳು. ಹುಮನಾಬಾದದ ಬಜಾರದಿಂದ ತಂದುಕೊಟ್ಟೆ. ಬಂದವರಿಗೆಂದು ಅವನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟಳು.

ನಮ್ಮೂರಿಗೆ ಬಸ್ಸಿನ ಅನುಕೂಲವಿದೆ. ಬಸ್ಸು ಸುಲಭಕ್ಕೆ ಸಿಗುವ ಊರು ಸಂಶೋಧನೆಗೂ ಸುಲಭಕ್ಕೆ ಸಿಗುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ. ಮೊದಲು ರಕ್ತದವರು ಬಂದರು. ಸ್ವಂತ ಮನೆಯಲ್ಲಿ ನಾನು ಪ್ರಶ್ನೆ ಕೇಳುವಂತಿಲ್ಲ, ಜೊತೆಯವರು ಹೋದರು. ಅವ್ವನ ಬೆರಳು ಚುಚ್ಚಿದರು, ತೂಕ ನೋಡಿದರು, ಈಗೇ ಕುಡ್ದು ಬಂದೀವ್ರಿ ಎಂದರು. ಆ ಸಂಜೆ ಅವ್ವ ಬೆರಳು ತಿಕ್ಕಿಕೊಳ್ಳುತ್ತ, "ನನ್ನ ರಕ್ತ ಒಯ್ತಾರ, ನನ್ನ ಚಹಾ ಒಲ್ಲೆ ಅಂತಾರ. ಹ್ಯಾಂಗಿದು?" ಎಂದು ನಕ್ಕಳು. ಮರುವರ್ಷ ಹೊಗೆಯವರು ಬಂದರು. ದಿನಕ್ಕೆ ಎಷ್ಟು ಸಲ ಒಲೆ ಹಚ್ಚುತ್ತೀರಿ ಎಂದು ಕೇಳಿ, ಕಟ್ಟಿಗೆ ತೂಗಿ, ಚಹಾ ಕುದಿಸಿ ತೋರಿಸಿ ಎಂದು ಅವ್ವನ ಕೈಯಿಂದ ಕುದಿಸಿ, ಅದರ ಹೊಗೆಯನ್ನು ಒಂದು ಯಂತ್ರದಲ್ಲಿ ಅಳೆದುಕೊಂಡು ಹೋದರು. ಕುದ್ದ ಚಹಾ ಪಾತೇಲಿಯಲ್ಲೇ ಉಳಿಯಿತು. ಆ ಸಲ ಅವ್ವ ನಗಲಿಲ್ಲ.

ಮೂರನೆಯದು ಸಮಾಜದ ಅಧ್ಯಯನ. ನಮ್ಮ ಮನೆಗೆ ಹೋದವನು ಮನ್ನಾಏಖೇಳ್ಳಿಯ ಮಹೇಶ. ಒಳ್ಳೆಯ ಹುಡುಗ, ಚಿಕ್ಕಮ್ಮನನ್ನು ಕರೆದ ಹಾಗೆ ಮಾತಿಗೊಮ್ಮೆ ಮೌಶಿ ಅನ್ನುತ್ತಾನೆ. ನಾನು ಹೊರಗೆ ಬೇವಿನ ಕೆಳಗೆ ನಿಂತಿದ್ದೆ, ಹೊಲದೊಡತಿ ನಿಲ್ಲುತ್ತಿದ್ದ ಜಾಗದಲ್ಲೇ. ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ನಿಮ್ಮ ಮನಿಗಿ ಬಂದವರು ಯಾರರೆ ನೀವು ಕೊಟ್ಟ ಚಹಾ-ನೀರು ಬ್ಯಾಡ ಅಂದಾರೇನ್ರಿ ಮೌಶಿ?"

"ಅಂದಾರ."

"ಯಾರ್ರಿ?"

"ನೀನಽ."

"ನಾನಾ?"

"ಮತ್ತ? ಬಂದು ಕೂಡೂದ್ರಾಗ ಅಂದಿ. ನಿನ್ನ ಮೊದ್ಲ ಹೊಗಿಯವ್ರು ಅಂದ್ರು. ಅವ್ರ ಮೊದ್ಲ ರಕ್ತದವ್ರು."

"ಅದು ಜಾತಿ ಸಲುವಾಗಿ ಅಲ್ರಿ ಮೌಶಿ, ತಪ್ಪು ತಿಳಕೋಬ್ಯಾಡ್ರಿ. ನಮ್ಮಾಗ ಒಂದು ನೇಮ ಅದ."

"ಹೊಲದ ಅಕ್ಕಾರೂ ನೇಮ ಅದ ಅಂತಿದ್ರು ಬಿಡಪ್ಪ," ಎಂದಳು ಅವ್ವ. ಸಿಟ್ಟಿನಿಂದ ಅಂದಿದ್ದರೆ ನನಗೆ ಚೆನ್ನಾಗಿತ್ತು. ಸಮಾಧಾನ ಮಾಡುವ ದನಿಯಲ್ಲಿ ಅಂದಳು.

ಮಹೇಶನ ಕೈಯಲ್ಲಿದ್ದ ಟ್ಯಾಬಿನಲ್ಲಿ ಆ ಪ್ರಶ್ನೆಯ ಕೆಳಗೆ ನೆರೆಯವರು, ಹೊಲದ ಮಾಲೀಕರು, ಅಧಿಕಾರಿಗಳು ಎಂದೆಲ್ಲ ಇತ್ತು. ಸಂಶೋಧಕರು ಎಂದು ಇರಲಿಲ್ಲ. ಆತ ಬೆವರು ಒರೆಸಿಕೊಂಡು 'ಇತರೆ' ಎಂಬುದನ್ನು ಒತ್ತಿದ. ಹೀಗೆ ನಾನು, ಅವ್ವನ ಸ್ವಂತ ಮಗಳು, ಜೊತೆಯವರೊಂದಿಗೆ 'ಇತರೆ' ಆದೆ.

ನನಗೆ ತಡೆಯಲಾಗಲಿಲ್ಲ. ಅಧ್ಯಯನದ ಮುಖ್ಯಸ್ಥೆ ಮೇಡಂ ಮೈಸೂರ ಕಡೆಯವರು, ಅವರ ಮುಂದೆ ಎಲ್ಲ ಹೇಳಿದೆ. ಅವರ ಕಣ್ಣು ತುಂಬಿದವು. ನಿಯಮ ತಿದ್ದುವುದು ನನ್ನ ಕೈಲಿಲ್ಲ, ಆದರೆ ನಿಮ್ಮ ತಾಯಿಯ ಕೈಯಿಂದ ಟೀ ಕುಡಿದೇ ಕುಡಿಯುತ್ತೇನೆ ಎಂದು ಭಾನುವಾರ ಸ್ವಂತ ಕಾರಿನಲ್ಲಿ ಹೊರಟು ಬಂದರು. ನಾನು ಹಿಂದಿನ ದಿನವೇ ಅವ್ವನಿಗೆ ಫೋನು ಮಾಡಿದ್ದೆ.

ಮೇಡಂ ಬಂದರು, ಚಾಪೆಯ ಮೇಲೆ ಕೂತರು. ಅವ್ವ ಕೈಮುಗಿದಳು, ಪ್ರಯಾಣ ಸುಖವಾಯಿತೇ ಎಂದಳು, ಮಕ್ಕಳೆಷ್ಟು ಎಂದಳು. ಚಹಾದ ಮಾತಿಲ್ಲ. ಮೇಡಂ ಕಾದರು. ಕೊನೆಗೆ ತಾವೇ, "ಅಮ್ಮ, ಒಂದು ಲೋಟ ಟೀ ಕೊಡಿ" ಎಂದರು.

"ಬ್ಯಾಡ್ರಿ ಮೇಡಂ. ನನ್ನ ಸಲುವಾಗಿ ನೇಮ ಮುರೀಬ್ಯಾಡ್ರಿ. ಮ್ಯಾಲಿನವರು ನಿಮಗ ಅಂದ್ರ ನನಗ ಚಂದ ಅನಸೂದಿಲ್ಲ."

"ಯಾರೂ ಏನೂ ಅನ್ನಲ್ಲಮ್ಮ."

"ಒಲಿ ಆರ್ಯಾದ್ರಿ," ಎಂದಳು ಅವ್ವ. "ನಾವೂ ಈಗೇ ಕುಡ್ದೀವಿ."

ನಾನು ಎದ್ದು ಒಳಗೆ ಹೋದೆ. ಒಲೆ ಧಗಧಗ ಉರಿಯುತ್ತಿತ್ತು. ಪಾತೇಲಿಯಲ್ಲಿ ಹಾಲು ಉಕ್ಕಿ ಸೋರಿತ್ತು. ನೀಲಿ ಹೂವಿನ ಕಪ್ಪುಗಳನ್ನು ತೊಳೆದು ಬೋರಲು ಹಾಕಿದ್ದಳು, ಅವುಗಳ ಮೈಮೇಲಿನ ನೀರು ಇನ್ನೂ ಆರಿರಲಿಲ್ಲ.

ಮೇಡಂ ಹೋದ ಮೇಲೆ ನಾನು ಜಗಳ ತೆಗೆದೆ. "ಎಲ್ಲಾ ತಯಾರಿ ಮಾಡಿಟ್ಟು ಯಾಕ ಒಲ್ಲೆ ಅಂದಿ? ಅಷ್ಟು ದೂರದಿಂದ ಬಂದಿದ್ರು!"

"ಕುಡೀಲಿ ಅಂತಾನೇ ಒಲಿ ಹಚ್ಚಿದ್ದೆ," ಎಂದಳು ಅವ್ವ. "ಅವ್ರ ಮಾರಿ ನೋಡ್ದೆ. ಔಷಧ ಕುಡಿಯಾಕ ಬಂದವರಂಗ ಕುಂತಿದ್ರು. ನೀ ಹೇಳಿದ್ದಕ್ಕ ಅವ್ರು ಕುಡೀಬೇಕು... ಅಂಥಾ ಚಹಾ ಯಾಕ ಬೇಕವಾ?"

ಅಂದಿನಿಂದ ಅವ್ವ ಯಾರನ್ನೂ ಚಹಾಕ್ಕೆ ಕರೆಯುವುದಿಲ್ಲ. ನನಗೂ ಒಂದು ಪ್ರಶ್ನೆ ಶುರುವಾಗಿದೆ. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಹೊಸ್ತಿಲು ದಾಟಿದರೆ ಒಳಗಿನಿಂದಲೇ ಕೇಳುತ್ತಾಳೆ: "ಕೆಲಸದ ಮ್ಯಾಲ ಬಂದೀದೇನು, ಮನಿಗಿ ಬಂದೀದೇನು?" ನಾನು ಚೀಟಿ ತೆಗೆದು ಗೂಟಕ್ಕೆ ಹಾಕಿ "ಮನಿಗಿ" ಅನ್ನಬೇಕು. ಆಮೇಲೆಯೇ ಪಾತೇಲಿಯ ಸದ್ದು.

ಹೋದ ವಾರ ಬೇಮಳಖೇಡದ ಕೆಲಸ ಮುಗಿಸಿ, ಅಲ್ಲಿಂದ ಹುಮನಾಬಾದಕ್ಕೆ ಬಂದು, ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದು ಊರಿಗೆ ಹೋದೆ. ದಿನವೆಲ್ಲ ಮನೆಮನೆ ಸುತ್ತಿ ಬಾಯಿ ಸೋತಿತ್ತು. ಅವ್ವ ಆ ದಿನ ಕೆಲಸವೋ ಮನೆಯೋ ಎಂದು ಕೇಳಲಿಲ್ಲ. ನನ್ನ ದಣಿದ ಮುಖ ನೋಡಿ ನೇರವಾಗಿ ಮಾಡದ ಕಡೆ ಹೋದಳು, ನೀಲಿ ಹೂವಿನ ಕಪ್ಪೊಂದನ್ನು ತೆಗೆದಳು. ಅಷ್ಟು ದಿನ ಯಾರೂ ಕುಡಿಯದ ಕಪ್ಪು. "ಕೂಡು, ಚಹಾ ಇಡ್ತೀನಿ."

"ಈಗೇ ಕುಡ್ದು ಬಂದೀನಿ," ಎಂದೆ ನಾನು.

ನಾನು ಅಂದದ್ದಲ್ಲ, ಬಾಯಿ ಅಂದದ್ದು. ಅವ್ವ ಕಪ್ಪು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ನನ್ನ ಕೊರಳಲ್ಲಿ ಇನ್ನೂ ನೇತಾಡುತ್ತಿದ್ದ ಚೀಟಿಯನ್ನು ನೋಡಿದಳು. "ಹೌದೇನವಾ," ಎಂದು ಕಪ್ಪನ್ನು ಸೆರಗಿನಿಂದ ಒರೆಸಿ, ಇದ್ದಲ್ಲೇ ಇಟ್ಟಳು.

ನಮ್ಮ ಮನೆಯ ಬಾಗಿಲಲ್ಲಿ ನಿಜವಾಗಿ ಕುಡಿದು ಬಂದು ಆ ಮಾತನ್ನು ಹೇಳಿದವಳು ನಾನೊಬ್ಬಳೇ. ಆದರೆ ಅದನ್ನು ಅವ್ವನಿಗೆ ನಂಬಿಸುವ ವಿದ್ಯೆ ಯಾವ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೋ ನಾನು ಇನ್ನೂ ಕೇಳುತ್ತಿದ್ದೇನೆ. ನನ್ನದು ಕೇಳುವ ನೌಕರಿಯೇ ಅಲ್ಲವೇ?